ಹರಿದ ಮಹಾಪಧಮನಿ: ಗಂಟೆಗಳೊಡನೆ ನಡೆದ ಓಟ

1760ನೆಯ ಇಸವಿ ಅಕ್ಟೋಬರ್ 25ರ ಬೆಳಗು. ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್ ಎಂದಿನಂತೆ ಆರು ಗಂಟೆಗೆ ಎದ್ದನು. ಒಂದು ಬಟ್ಟಲು ಚಾಕೊಲೇಟ್ ಪಾನೀಯ ಕುಡಿದು ಶೌಚದ ಕೋಣೆಗೆ ಹೋದನು. ಸ್ವಲ್ಪ ಹೊತ್ತಿಗೆ ಒಳಗೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಸೇವಕ ಓಡಿ ಹೋಗಿ ನೋಡಿದರೆ ದೊರೆ ನೆಲದ ಮೇಲೆ ಬಿದ್ದಿದ್ದನು. ಮಂಚಕ್ಕೆ ಎತ್ತಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆತನಿಗೆ ಆಗ 76 ವರ್ಷ.

ಮರುದಿನ ಅರಮನೆಯ ವೈದ್ಯ ಫ್ರಾಂಕ್ ನಿಕೋಲ್ಸ್ ಶವಪರೀಕ್ಷೆ ನಡೆಸಿದರು. ಹೃದಯವನ್ನು ಸುತ್ತುವರಿದ ಚೀಲದೊಳಗೆ ಸುಮಾರು ಅರ್ಧ ಲೀಟರಿನಷ್ಟು ರಕ್ತ ಹೆಪ್ಪುಗಟ್ಟಿತ್ತು. ಹೃದಯದಿಂದ ಹೊರಡುವ ಮಹಾಪಧಮನಿಯ ಒಳಗೋಡೆಯಲ್ಲಿ ಒಂದೂವರೆ ಅಂಗುಲ ಉದ್ದದ ಅಡ್ಡ ಸೀಳಿತ್ತು. ನಿಕೋಲ್ಸ್ ಕಂಡದ್ದನ್ನು ಕಂಡಂತೆ ಬರೆದರು. ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಕಾಯಿಲೆಯ ಬಗ್ಗೆ ವೈದ್ಯಚರಿತ್ರೆಯಲ್ಲಿ ದೊರೆಯುವ ಮೊದಲ ಸ್ಪಷ್ಟ ವರ್ಣನೆಗಳಲ್ಲಿ ಇದೂ ಒಂದು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. 1760ರಲ್ಲೇ ವೈದ್ಯರ ಕಣ್ಣಿಗೆ ಬಿದ್ದ ಆ ಸೀಳನ್ನು ಬದುಕಿರುವ ಮನುಷ್ಯನಲ್ಲಿ ಹೊಲಿದು ಸರಿಪಡಿಸಲು ಸುಮಾರು ಇನ್ನೂರು ವರ್ಷ ಬೇಕಾಯಿತು. ಇಷ್ಟು ಕಾಲ ಏಕೆ ಹಿಡಿಯಿತು? ಇಂದು ಶಸ್ತ್ರಚಿಕಿತ್ಸೆಯ ಫಲಿತಾಂಶ ಹೇಗಿದೆ? ಆ ಫಲಿತಾಂಶದ ಅಂಕಿಗಳನ್ನು ನಾವು ಓದಬೇಕಾದ ರೀತಿ ಯಾವುದು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕೋಣ.

ನಾಲೆಯ ಚಪ್ಪಡಿ ಎದ್ದಂತೆ

ಮೊದಲು ಮಹಾಪಧಮನಿಯ ರಚನೆಯನ್ನು ತಿಳಿಯೋಣ. ಹೃದಯದ ಎಡ ಹೃತ್ಕುಕ್ಷಿಯಿಂದ ಹೊರಟು ಇಡೀ ದೇಹಕ್ಕೆ ರಕ್ತ ಹಂಚುವ ಹೆಗ್ಗಾಲುವೆ ಇದು. ಮೇಲಕ್ಕೇರಿ, ಕೊಡೆಯ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಹೊಟ್ಟೆಯವರೆಗೆ ಇಳಿಯುತ್ತದೆ. ಇದರ ಬುಡದಿಂದ ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕೊರೊನರಿ ನಾಳಗಳು ಹೊರಡುತ್ತವೆ. ಬಾಗಿದ ಭಾಗದಿಂದ ತಲೆಗೂ ತೋಳುಗಳಿಗೂ ಕವಲುಗಳಿವೆ. ಇಳಿಯುವ ಭಾಗದಿಂದ ಬೆನ್ನುಹುರಿ, ಕರುಳು, ಮೂತ್ರಪಿಂಡ, ಕಾಲುಗಳಿಗೆ ಕವಲುಗಳು ಹೋಗುತ್ತವೆ. ವಯಸ್ಕರಲ್ಲಿ ಇದರ ಬುಡದ ಅಗಲ ಸುಮಾರು 3 ಸೆಂಟಿಮೀಟರ್. ಗೋಡೆಯ ದಪ್ಪ ಸುಮಾರು 2 ಮಿಲಿಮೀಟರ್ ಮಾತ್ರ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಹೃದಯದ ಹೊಡೆತವನ್ನು ಈ ತೆಳು ಗೋಡೆ ತಾಳಿಕೊಳ್ಳಬೇಕು.

ಗೋಡೆಯಲ್ಲಿ ಮೂರು ಪದರಗಳಿವೆ. ಒಳಪದರ ನುಣುಪಾದದ್ದು, ನಡುಪದರ ಹಿಗ್ಗಿ ಕುಗ್ಗುವಂಥದ್ದು, ಹೊರಪದರ ಬಿಗಿಯಾದದ್ದು. ನೀರಾವರಿ ನಾಲೆಗಳ ಇಕ್ಕೆಲಕ್ಕೆ ಕಲ್ಲುಚಪ್ಪಡಿ ಹೊದಿಸಿರುವುದನ್ನು ನೀವು ನೋಡಿರಬಹುದು. ಚಪ್ಪಡಿಗಳ ಸಂದಿನಲ್ಲಿ ಒಂದು ಬಿರುಕು ಬಿಟ್ಟರೆ ಹರಿಯುವ ನೀರು ಅದರೊಳಗೆ ನುಗ್ಗುತ್ತದೆ. ನೀರಿನ ಒತ್ತಡಕ್ಕೆ ಒಂದೊಂದೇ ಚಪ್ಪಡಿ ಮಣ್ಣಿನಿಂದ ಬಿಟ್ಟುಕೊಂಡು ಏಳುತ್ತದೆ. ಮಹಾಪಧಮನಿಯಲ್ಲಿ ಆಗುವುದೂ ಹಾಗೆಯೇ. ಒಳಪದರ ಸೀಳಿದ ಕಡೆ ರಕ್ತ ನುಗ್ಗಿ ನಡುಪದರವನ್ನು ಉದ್ದಕ್ಕೂ ಎರಡಾಗಿ ಬಿಡಿಸುತ್ತ ಹೋಗುತ್ತದೆ. ಆಗ ಒಂದೇ ನಾಳದಲ್ಲಿ ಎರಡು ದಾರಿಗಳಾಗುತ್ತವೆ: ಒಂದು ಅಸಲು ದಾರಿ, ಇನ್ನೊಂದು ಹುಸಿದಾರಿ. ಹುಸಿದಾರಿಯ ಹೊರಗೋಡೆ ಬಹಳ ತೆಳ್ಳಗಿರುತ್ತದೆ.

ಇದರಿಂದ ಸಾವು ನಾಲ್ಕು ಬಗೆಯಲ್ಲಿ ಬರಬಹುದು. ತೆಳುಗೋಡೆ ಒಡೆದು ರಕ್ತವೆಲ್ಲ ಎದೆಗೂಡಿಗೆ ಸುರಿದುಹೋಗಬಹುದು. ಎರಡನೆಯ ಜಾರ್ಜ್‌ಗೆ ಆದಂತೆ ಹೃದಯದ ಚೀಲದಲ್ಲಿ ರಕ್ತ ತುಂಬಿ, ಹೃದಯ ಹಿಗ್ಗಲಾರದೆ ನಿಂತುಹೋಗಬಹುದು. ನಾಳದ ಬುಡದಲ್ಲಿರುವ ಕವಾಟ ಸಡಿಲಗೊಂಡು, ಹೊರಹೋದ ರಕ್ತ ಹೃದಯಕ್ಕೇ ಮರಳಬಹುದು. ಹುಸಿದಾರಿ ಉಬ್ಬಿ ಕವಲುಗಳ ಬಾಯಿಯನ್ನು ಒತ್ತಿ, ಮಿದುಳಿಗೋ ಮೂತ್ರಪಿಂಡಕ್ಕೋ ಕರುಳಿಗೋ ರಕ್ತ ನಿಲ್ಲಬಹುದು. ಒಂದೇ ಕಾಯಿಲೆ ಹೀಗೆ ನಾಲ್ಕು ವೇಷಗಳಲ್ಲಿ ಬರುವುದರಿಂದಲೇ ಇದನ್ನು ಗುರುತಿಸುವುದು ಕಷ್ಟ.

ಹೆಸರು ಬಂತು, ಉಪಾಯ ಬರಲಿಲ್ಲ

ಸ್ಟೆತೊಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್ 1819ರಲ್ಲಿ ಈ ಸ್ಥಿತಿಯನ್ನು ಪದರ ಸೀಳುವ ಉಬ್ಬು ಎಂಬ ಅರ್ಥದ ಹೆಸರಿನಿಂದ ಕರೆದರು. ಆ ಹೆಸರೇ ಬಹುಕಾಲ ಉಳಿಯಿತು. 19ನೆಯ ಶತಮಾನದಲ್ಲಿ ಯುರೋಪಿನ ವೈದ್ಯರು ಇಂಥ ಹಲವು ಪ್ರಕರಣಗಳನ್ನು ಬರೆದಿಟ್ಟರು. ಆದರೆ ಅವುಗಳಲ್ಲಿ ಹೆಚ್ಚಿನವು ಶವಪರೀಕ್ಷೆಯ ಮೇಜಿನ ಮೇಲೆ ತಿಳಿದುಬಂದಂಥವು. ಎಕ್ಸ್‌ಕಿರಣಗಳೇ ಇಲ್ಲದ ಕಾಲದಲ್ಲಿ ಬದುಕಿರುವವರ ಎದೆಯೊಳಗೆ ನೋಡುವ ದಾರಿ ಇರಲಿಲ್ಲ.

ರಕ್ತನಾಳಗಳನ್ನು ಹೊಲಿಯುವ ವಿದ್ಯೆಯೂ ಆಗ ಇರಲಿಲ್ಲ. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಲಿಯಾನ್ ನಗರದಲ್ಲಿ ಇರಿತಕ್ಕೊಳಗಾದರು. ಹೊಟ್ಟೆಯೊಳಗಿನ ಒಂದು ದೊಡ್ಡ ಅಭಿಧಮನಿ ತುಂಡಾಗಿ ರಕ್ತಸ್ರಾವದಿಂದ ಸತ್ತರು. ಅದನ್ನು ಹೊಲಿಯಬಲ್ಲವರು ಯಾರೂ ಇರಲಿಲ್ಲ. ಅದೇ ನಗರದ ಯುವ ವೈದ್ಯ ಅಲೆಕ್ಸಿಸ್ ಕ್ಯಾರೆಲ್ ಈ ಸಾವಿನಿಂದ ಕಲಕಿಹೋದರು. ತೀರ ಸಣ್ಣ ಸೂಜಿ, ರೇಷ್ಮೆಯ ನೂಲು ಹಿಡಿದು ಅಭ್ಯಾಸ ಮಾಡಿ 1902ರಲ್ಲಿ ನಾಳಗಳ ತುದಿಗಳನ್ನು ಸೇರಿಸುವ ವಿಧಾನವನ್ನು ಪ್ರಕಟಿಸಿದರು. 1912ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಆದರೂ ಮಹಾಪಧಮನಿಯ ಹತ್ತಿರ ಹೋಗಲು ಶಸ್ತ್ರವೈದ್ಯರು ಅಂಜುತ್ತಿದ್ದರು. 20ನೆಯ ಶತಮಾನದ ನಡುವಿನ ಸ್ಥಿತಿ ಹೇಗಿತ್ತೆಂಬುದಕ್ಕೆ ನಿಮಗೆಲ್ಲ ಪರಿಚಿತರಾದ ಒಬ್ಬ ರೋಗಿಯ ಉದಾಹರಣೆ ಇದೆ: ಆಲ್ಬರ್ಟ್ ಐನ್‌ಸ್ಟೈನ್. ಅವರ ಹೊಟ್ಟೆಯ ಭಾಗದ ಮಹಾಪಧಮನಿ ಸೈಕಲ್ ಟ್ಯೂಬಿನಂತೆ ಒಂದೆಡೆ ಉಬ್ಬಿತ್ತು. ಇದು ಪದರ ಸೀಳಿದ ಕಾಯಿಲೆಯಲ್ಲ, ಆದರೆ ಅದರ ಹತ್ತಿರದ ಬಂಧು. 1948ರಲ್ಲಿ ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು ಉಬ್ಬಿನ ಸುತ್ತ ಸೆಲೋಫೇನ್ ಹಾಳೆ ಸುತ್ತಿದರು. ಹಾಳೆಯಿಂದಾಗಿ ಸುತ್ತ ಗಾಯದ ಅಂಗಾಂಶ ಬೆಳೆದು ಗೋಡೆ ಗಟ್ಟಿಯಾಗಲಿ ಎಂಬುದು ಉಪಾಯ. ಐನ್‌ಸ್ಟೈನ್ ಮತ್ತೆ ಆರು ವರ್ಷಕ್ಕೂ ಹೆಚ್ಚು ಬದುಕಿದರು. 1955ರ ಏಪ್ರಿಲ್‌ನಲ್ಲಿ ಉಬ್ಬು ಒಡೆಯಿತು. ಮತ್ತೊಂದು ಶಸ್ತ್ರಚಿಕಿತ್ಸೆಯನ್ನು ಅವರು ಬೇಡವೆಂದರು. ಏಪ್ರಿಲ್ 18ರಂದು ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು.

ಹೊಲಿಗೆ ಯಂತ್ರದಿಂದ ಬಂದ ನಾಳ

ಕೊಳೆತ ಭಾಗವನ್ನು ಕತ್ತರಿಸಿ ತೆಗೆದರೆ ಆ ಜಾಗದಲ್ಲಿ ಏನನ್ನು ಕೂಡಿಸಬೇಕು? ಸತ್ತವರ ದೇಹದಿಂದ ತೆಗೆದ ನಾಳಗಳನ್ನು ಮೊದಲು ಬಳಸುತ್ತಿದ್ದರು. ಅವು ಬೇಕಾದಾಗ ಸಿಗುತ್ತಿರಲಿಲ್ಲ, ಸಿಕ್ಕರೂ ಹೆಚ್ಚು ಕಾಲ ಬಾಳುತ್ತಿರಲಿಲ್ಲ. ನ್ಯೂಯಾರ್ಕಿನ ಆರ್ಥರ್ ವೂರ್‌ಹೀಸ್ ನಾಯಿಯೊಂದರ ಹೃದಯದಲ್ಲಿ ಉಳಿದಿದ್ದ ರೇಷ್ಮೆ ನೂಲಿನ ಮೇಲೆ ನುಣುಪಾದ ಅಂಗಾಂಶ ಬೆಳೆದಿದ್ದುದನ್ನು ಕಂಡರು. ನೂಲಿನ ಮೇಲೆ ಬೆಳೆಯುವುದಾದರೆ ಬಟ್ಟೆಯ ಕೊಳವೆಯ ಮೇಲೂ ಬೆಳೆಯಬೇಕಲ್ಲವೇ ಎಂದು ಯೋಚಿಸಿದರು. 1952ರಲ್ಲಿ ಬಟ್ಟೆಯ ನಾಳದ ಪ್ರಯೋಗವನ್ನು ಪ್ರಕಟಿಸಿದರು.

ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋದವರು ಅಮೆರಿಕದ ಹ್ಯೂಸ್ಟನ್ ನಗರದ ಮೈಕೇಲ್ ಡಿಬೇಕಿ. 1908ರಲ್ಲಿ ಲೂಸಿಯಾನಾ ರಾಜ್ಯದಲ್ಲಿ, ಲೆಬನಾನಿನಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದವರು. ಹೊಲಿಗೆಯನ್ನು ಬಾಲ್ಯದಲ್ಲಿ ತಾಯಿಯಿಂದಲೇ ಕಲಿತಿದ್ದರು. ನೈಲಾನ್ ಬಟ್ಟೆ ಕೊಳ್ಳಲು ಅಂಗಡಿಗೆ ಹೋದಾಗ ಅದು ಮುಗಿದುಹೋಗಿತ್ತು. ಹೊಸದಾಗಿ ಬಂದಿದ್ದ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯನ್ನು ಅಂಗಡಿಯವರು ಕೊಟ್ಟರು. ಡಿಬೇಕಿ ಅದನ್ನು ಕತ್ತರಿಸಿ ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆಯಾಗಿ ಹೊಲಿದರು. ನೈಲಾನ್ ದೇಹದೊಳಗೆ ದುರ್ಬಲವಾಗುತ್ತದೆ, ಡೇಕ್ರಾನ್ ಆಗುವುದಿಲ್ಲ ಎಂಬುದು ಬಳಿಕ ಗೊತ್ತಾಯಿತು. ಇಂದಿಗೂ ಮಹಾಪಧಮನಿಯ ಬದಲಿಗೆ ಕೂಡಿಸುವುದು ಇದೇ ಜಾತಿಯ ಬಟ್ಟೆಯ ನಾಳವನ್ನು.

1954ರ ಜುಲೈ 7ರಂದು ಡಿಬೇಕಿ ಮತ್ತು ಸಂಗಡಿಗರು ಪದರ ಸೀಳಿದ ಮಹಾಪಧಮನಿಗೆ ಯಶಸ್ವಿ ಶಸ್ತ್ರಚಿಕಿತ್ಸೆ ನಡೆಸಿದರು. ಮರುವರ್ಷ ಡಿಬೇಕಿ, ಡೆಂಟನ್ ಕೂಲಿ, ಆಸ್ಕರ್ ಕ್ರೀಚ್ ಮೂವರೂ ಸೇರಿ 6 ರೋಗಿಗಳ ವಿವರ ಪ್ರಕಟಿಸಿದರು. ಆದರೆ ಇವು ಇಳಿಯುವ ಭಾಗದ ಶಸ್ತ್ರಚಿಕಿತ್ಸೆಗಳು. ಮೇಲೇರುವ ಭಾಗವನ್ನು ಮುಟ್ಟಬೇಕಾದರೆ ಹೃದಯವನ್ನೇ ನಿಲ್ಲಿಸಬೇಕಿತ್ತು. ಅದಕ್ಕೆ ಬೇಕಾದ ಹೃದಯ–ಶ್ವಾಸಕೋಶ ಯಂತ್ರವನ್ನು ಜಾನ್ ಗಿಬ್ಬನ್ 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಮೊದಲ ಬಾರಿಗೆ ಯಶಸ್ವಿಯಾಗಿ ಬಳಸಿದ್ದರು. ಡಿಬೇಕಿ ವಿದ್ಯಾರ್ಥಿಯಾಗಿದ್ದಾಗ 1930ರ ದಶಕದಲ್ಲಿ ರೂಪಿಸಿದ್ದ ಉರುಳೆ ಪಂಪು ಮುಂದೆ ಇಂಥ ಯಂತ್ರಗಳ ಮುಖ್ಯ ಅಂಗವಾಯಿತು. ಯಂತ್ರ ಪಳಗಿದ ಮೇಲೆ, 1963ರಲ್ಲಿ ಜಾರ್ಜ್ ಮಾರಿಸ್ ಮತ್ತು ಸಂಗಡಿಗರು ಮೇಲೇರುವ ಭಾಗದ ಹೊಸ ಸೀಳನ್ನೂ ಸಡಿಲಗೊಂಡ ಕವಾಟವನ್ನೂ ಸರಿಪಡಿಸಿದ ವರದಿ ಪ್ರಕಟಿಸಿದರು. 1965ರಲ್ಲಿ ಡಿಬೇಕಿ ತಂಡ 179 ರೋಗಿಗಳ ಲೆಕ್ಕ ಕೊಟ್ಟಿತು. ಅವರಲ್ಲಿ ಶಸ್ತ್ರಚಿಕಿತ್ಸೆಯಿಂದ ಬದುಕುಳಿದವರು ಶೇಕಡಾ 79.

ಟರ್ಕಿ ಕೋಳಿಗಳು ಮತ್ತು ಸರ್ಪಗಂಧ

ಅದೇ 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಮೈರನ್ ವೀಟ್ ಬೇರೊಂದು ಮಾತು ಹೇಳಿದರು. ಎಲ್ಲ ಸೀಳಿಗೂ ಕತ್ತಿಯೇ ಮದ್ದಲ್ಲ, ಹೃದಯದ ಹೊಡೆತದ ರಭಸವನ್ನೂ ರಕ್ತದೊತ್ತಡವನ್ನೂ ಇಳಿಸಿದರೆ ಸೀಳು ಮುಂದುವರಿಯದಂತೆ ತಡೆಯಬಹುದು ಎಂದರು. ಈ ವಿಚಾರಕ್ಕೆ ಆಧಾರ ಸಿಕ್ಕ ಜಾಗ ವಿಚಿತ್ರವಾದದ್ದು. ಅಮೆರಿಕದ ಸಾಕಣೆ ಕೇಂದ್ರಗಳಲ್ಲಿ ಟರ್ಕಿ ಕೋಳಿಗಳು ಮಹಾಪಧಮನಿ ಒಡೆದು ದಿಢೀರನೆ ಸಾಯುತ್ತಿದ್ದವು. ಅವುಗಳ ಮೇವಿಗೆ ರಿಸರ್ಪಿನ್ ಎಂಬ ಔಷಧ ಬೆರೆಸಿದಾಗ ಸಾವುಗಳು ಕಡಿಮೆಯಾದವು. ವೀಟ್ ತಮ್ಮ ರೋಗಿಗಳಿಗೆ ಕೊಟ್ಟ ಔಷಧಗಳಲ್ಲಿ ರಿಸರ್ಪಿನ್ ಕೂಡ ಒಂದು.

ರಿಸರ್ಪಿನ್ ಎಲ್ಲಿಯದು ಗೊತ್ತೇ? ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧದ ಬೇರಿನದು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಮಾನಸಿಕ ರೋಗಕ್ಕೂ ಏರಿದ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದಿದ್ದರು. 1949ರಲ್ಲಿ ಬೊಂಬಾಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ನನ್ನು ಬೇರ್ಪಡಿಸಿದರು. ಇಂದು ಈ ಕಾಯಿಲೆಗೆ ಅದರ ಬದಲು ಬೀಟಾ ತಡೆಕಾರಿಗಳೆಂಬ ಔಷಧಗಳನ್ನು ಕೊಡುತ್ತಾರೆ. ಆದರೆ ರಭಸ ತಗ್ಗಿಸುವ ತತ್ವ ಅದೇ. ಶಸ್ತ್ರಚಿಕಿತ್ಸೆಗೆ ಸಿದ್ಧಗೊಳಿಸುವಾಗಲೂ ರೋಗಿಗೆ ಮೊದಲು ಕೊಡುವುದು ಇದೇ ಚಿಕಿತ್ಸೆ.

ಹಾಗಾದರೆ ಯಾರಿಗೆ ಕತ್ತಿ, ಯಾರಿಗೆ ಔಷಧ? 1970ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಸರಳವಾದ ಒಂದು ವಿಂಗಡಣೆ ಕೊಟ್ಟರು. ಸೀಳು ಮೇಲೇರುವ ಭಾಗವನ್ನು ಒಳಗೊಂಡಿದ್ದರೆ ‘ಎ’ ಬಗೆ. ಇಲ್ಲದಿದ್ದರೆ ‘ಬಿ’ ಬಗೆ. ‘ಎ’ ಬಗೆಗೆ ತುರ್ತು ಶಸ್ತ್ರಚಿಕಿತ್ಸೆ. ‘ಬಿ’ ಬಗೆಗೆ, ತೊಡಕುಗಳಿಲ್ಲದಿದ್ದರೆ, ಔಷಧ. 1999ರ ನಂತರ ತೊಡಕಿನ ‘ಬಿ’ ಬಗೆಗೆ ತೊಡೆಯ ನಾಳದ ಮೂಲಕ ಬಟ್ಟೆ ಹೊದಿಸಿದ ಲೋಹದ ಜಾಲರಿಯನ್ನು ಒಳಗೇರಿಸಿ ಸೀಳಿನ ಬಾಯಿ ಮುಚ್ಚುವ ಕ್ರಮ ಬಳಕೆಗೆ ಬಂತು. ಎಲ್ಲಿ ಹರಿದಿದೆ ಎಂಬುದೇ ಚಿಕಿತ್ಸೆಯನ್ನು ನಿರ್ಧರಿಸುವಂತಾದದ್ದು ಈ ವಿಂಗಡಣೆಯ ದೊಡ್ಡ ಉಪಕಾರ.

ದೇಹವನ್ನು ತಣ್ಣಗಾಗಿಸಿ

ಇನ್ನೂ ಒಂದು ತೊಡಕು ಉಳಿದಿತ್ತು. ಸೀಳು ಬಾಗಿದ ಭಾಗಕ್ಕೆ ಹಬ್ಬಿದ್ದರೆ ಅಲ್ಲಿ ಹೊಲಿಯುವಾಗ ಮಿದುಳಿಗೆ ಹೋಗುವ ರಕ್ತ ನಿಲ್ಲುತ್ತದೆ. ಮಾಮೂಲಿನ ತಾಪದಲ್ಲಿ ರಕ್ತವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಹಾನಿ ಶುರುವಾಗುತ್ತದೆ. ಅಷ್ಟರಲ್ಲಿ ಹೊಲಿಗೆ ಮುಗಿಯುವುದಿಲ್ಲ.

ಉತ್ತರ ಬಂದದ್ದು ನೀವು ರಸಾಯನಶಾಸ್ತ್ರದಲ್ಲಿ ಓದುವ ಪಾಠದಿಂದ. ತಾಪ ಇಳಿದರೆ ರಾಸಾಯನಿಕ ಕ್ರಿಯೆಗಳ ವೇಗ ಇಳಿಯುತ್ತದೆ, ಜೀವಕೋಶಕ್ಕೆ ಬೇಕಾದ ಆಮ್ಲಜನಕವೂ ಕಡಿಮೆಯಾಗುತ್ತದೆ. ಕೆನಡಾದ ವಿಲ್ಫ್ರೆಡ್ ಬಿಗೆಲೋ 1950ರ ವೇಳೆಗೆ ಇದನ್ನು ನಾಯಿಗಳಲ್ಲಿ ತೋರಿಸಿಕೊಟ್ಟಿದ್ದರು. 1975ರಲ್ಲಿ ರ‍್ಯಾಂಡಲ್ ಗ್ರೀಪ್ ಮತ್ತು ಸಂಗಡಿಗರು ದೇಹವನ್ನು ಆಳವಾಗಿ ತಣ್ಣಗಾಗಿಸಿ, ರಕ್ತಚಲನೆಯನ್ನು ಪೂರ್ತಿ ನಿಲ್ಲಿಸಿ, ಬಾಗಿದ ಭಾಗವನ್ನು ಬದಲಾಯಿಸಿದ ವರದಿ ಕೊಟ್ಟರು. ದೇಹದ ತಾಪವನ್ನು 18–20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಸುಮಾರು ಅರ್ಧ ಗಂಟೆ ಸಿಗುತ್ತದೆ. ಮುಂದೆ ತಲೆಗೆ ಹೋಗುವ ನಾಳಗಳಿಗೆ ಪ್ರತ್ಯೇಕವಾಗಿ ತಂಪು ರಕ್ತ ಹರಿಸುವ ವಿಧಾನಗಳು ಬಂದವು. ಇಷ್ಟು ತಣ್ಣಗಾಗಿಸುವ ಅಗತ್ಯವೂ ಹಲವೆಡೆ ಕಡಿಮೆಯಾಯಿತು.

ಹೊಲಿಯುವ ಕೆಲಸವೂ ಸುಲಭದ್ದಲ್ಲ. ಸೀಳಿದ ನಾಳದ ಗೋಡೆ ನೆನೆದ ಕಾಗದದಂತಿರುತ್ತದೆ, ದಾರ ಎಳೆದರೆ ಹರಿದುಬರುತ್ತದೆ. ಅದಕ್ಕೇ ಶಸ್ತ್ರವೈದ್ಯರು ಗೋಡೆಯ ಒಳಗೂ ಹೊರಗೂ ಟೆಫ್ಲಾನ್ ಪಟ್ಟಿಗಳನ್ನು ಇಟ್ಟು ಒಟ್ಟಿಗೆ ಹೊಲಿಯುತ್ತಾರೆ. ಅಂಗಿಯ ಗುಂಡಿ ಕಿತ್ತುಬರದಂತೆ ಹಿಂದೆ ತುಂಡುಬಟ್ಟೆ ಕೊಟ್ಟು ಹೊಲಿಯುವುದಿಲ್ಲವೇ, ಹಾಗೆ.

ಶೇಕಡಾವಾರು ಲೆಕ್ಕವನ್ನು ಓದುವುದು ಹೇಗೆ?

ಈಗ ಫಲಿತಾಂಶಕ್ಕೆ ಬರೋಣ. ಯಾವ ಒಂದು ಆಸ್ಪತ್ರೆಯೂ ಈ ಕಾಯಿಲೆಯನ್ನು ಸಾವಿರಗಟ್ಟಲೆ ನೋಡುವುದಿಲ್ಲ. ಆದ್ದರಿಂದ 1996ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಒಂದು ಅಂತರರಾಷ್ಟ್ರೀಯ ದಾಖಲೆ ಪುಸ್ತಕ ತೆರೆದವು. 2000ನೆಯ ಇಸವಿಯಲ್ಲಿ ಅದರ ಮೊದಲ ದೊಡ್ಡ ವರದಿ ಬಂತು. 464 ರೋಗಿಗಳ ವಿವರ ಅದರಲ್ಲಿತ್ತು. ‘ಎ’ ಬಗೆಯವರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ಪೈಕಿ ಶೇಕಡಾ 26 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಶಸ್ತ್ರಚಿಕಿತ್ಸೆ ಆಗದವರಲ್ಲಿ ಶೇಕಡಾ 58 ಮಂದಿ. 2015ರ ವರದಿಯಲ್ಲಿ ಆಸ್ಪತ್ರೆಗಳ ಸಂಖ್ಯೆ 28ಕ್ಕೂ ರೋಗಿಗಳ ಸಂಖ್ಯೆ 4,428ಕ್ಕೂ ಏರಿತ್ತು. ಸುಮಾರು 17 ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇಕಡಾ 25ರಿಂದ 18ಕ್ಕೆ ಇಳಿದಿತ್ತು. ಜರ್ಮನಿಯ ಪ್ರತ್ಯೇಕ ದಾಖಲೆಯಲ್ಲಿ 2006ರಿಂದ 2010ರವರೆಗಿನ 2,137 ರೋಗಿಗಳಲ್ಲಿ 30 ದಿನದೊಳಗಿನ ಸಾವು ಶೇಕಡಾ 16.9.

ಇಳಿಕೆ ನಿಜ, ಸಂತೋಷದ ವಿಷಯವೂ ಹೌದು. ಆದರೆ ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಇಲ್ಲಿಗೇ ನಿಲ್ಲಬಾರದು. ಒಂದು ಶಾಲೆ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಪಡೆಯಿತೆಂದರೆ ನೀವು ಏನು ಕೇಳುತ್ತೀರಿ? ಪರೀಕ್ಷೆಗೆ ಕೂತವರು ಎಷ್ಟು ಮಂದಿ, ಕೂರಿಸದೆ ಬಿಟ್ಟವರು ಎಷ್ಟು ಮಂದಿ ಎಂದು ತಾನೇ? ಇಲ್ಲಿಯೂ ಅದೇ ಪ್ರಶ್ನೆ ಕೇಳಬೇಕು.

ಮೊದಲನೆಯದಾಗಿ, 26 ಮತ್ತು 58 ಎಂಬ ಅಂಕಿಗಳ ನಡುವಿನ ಅಂತರವೆಲ್ಲ ಕತ್ತಿಯ ಮಹಿಮೆಯಲ್ಲ. ಶಸ್ತ್ರಚಿಕಿತ್ಸೆ ಆಗದವರಲ್ಲಿ ಬಹಳ ಮಂದಿ ತೀರ ವಯಸ್ಸಾದವರು, ಇಲ್ಲವೇ ಆಗಲೇ ತೀರ ಕೆಟ್ಟ ಸ್ಥಿತಿ ಮುಟ್ಟಿದವರು. ಎರಡನೆಯದಾಗಿ, ಮೇಜಿನ ಮೇಲೆ ಮಲಗಿದಾಗ ರೋಗಿಯ ಸ್ಥಿತಿ ಹೇಗಿತ್ತು ಎಂಬುದೂ ಮುಖ್ಯ. ಜರ್ಮನಿಯ ದಾಖಲೆಯಲ್ಲಿ ಯಾವ ಅಂಗಕ್ಕೂ ರಕ್ತ ನಿಂತಿರದವರಲ್ಲಿ ಸಾವು ಶೇಕಡಾ 12.6 ಆಗಿದ್ದರೆ, ಮೂರು ಅಂಗವ್ಯೂಹಗಳಿಗೆ ರಕ್ತ ನಿಂತಿದ್ದವರಲ್ಲಿ ಶೇಕಡಾ 43.4 ಆಗಿತ್ತು. ಶಸ್ತ್ರವೈದ್ಯರ ಕೈಚಳಕ ಒಂದೇ ಆಗಿದ್ದರೂ ಫಲಿತಾಂಶ ಮೂರು ಪಟ್ಟಿಗಿಂತ ಹೆಚ್ಚು ಬದಲಾಗುತ್ತದೆ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಆಸ್ಪತ್ರೆಗೆ ಬರುವ ಮೊದಲೇ ಸತ್ತವರ ಲೆಕ್ಕ ಯಾರಲ್ಲಿದೆ? ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರದೇಶದಲ್ಲಿ ಸುಮಾರು 92,000 ಜನರನ್ನು 2002ರಿಂದ ಹತ್ತು ವರ್ಷ ಗಮನಿಸಿ, ಮನೆಯಲ್ಲಿ ಸತ್ತವರ ಶವಪರೀಕ್ಷೆಗಳನ್ನೂ ಸೇರಿಸಿ ಲೆಕ್ಕ ಹಾಕಿದರು. ವರ್ಷಕ್ಕೆ ಲಕ್ಷ ಜನರಲ್ಲಿ 6 ಮಂದಿಗೆ ಈ ಕಾಯಿಲೆ ಬರುತ್ತಿತ್ತು. ‘ಎ’ ಬಗೆಯವರಲ್ಲಿ ಶೇಕಡಾ 48.6 ಮಂದಿ ವೈದ್ಯರು ನೋಡುವ ಮೊದಲೇ ತೀರಿಕೊಂಡಿದ್ದರು.

ಈಗ ಪೆನ್ಸಿಲ್ ಹಿಡಿದು ಒಂದು ಸ್ಥೂಲ ಲೆಕ್ಕ ಮಾಡಿ. ಅಂಕಿಗಳು ಬೇರೆ ಬೇರೆ ಅಧ್ಯಯನಗಳವು, ಆದ್ದರಿಂದ ಉತ್ತರ ಅಂದಾಜು ಮಾತ್ರ. ‘ಎ’ ಬಗೆಯ ಸೀಳು ಆದ 100 ಜನರಲ್ಲಿ 49 ಮಂದಿ ಹೊರಗೇ ಸಾಯುತ್ತಾರೆ. ಉಳಿದ 51 ಮಂದಿ ಆಸ್ಪತ್ರೆ ಸೇರುತ್ತಾರೆ. 2015ರ ವರದಿಯಂತೆ, ಶಸ್ತ್ರಚಿಕಿತ್ಸೆ ಆದವರು ಆಗದವರು ಎಲ್ಲ ಸೇರಿ, ಆಸ್ಪತ್ರೆ ಸೇರಿದವರಲ್ಲಿ ಶೇಕಡಾ 22 ಮಂದಿ ಸಾಯುತ್ತಾರೆ. ಅಂದರೆ 51ರಲ್ಲಿ ಸುಮಾರು 11 ಮಂದಿ. ಆಸ್ಪತ್ರೆಯ ಒಳಗಿನ ಸಾವು 11, ಹೊರಗಿನ ಸಾವು 49. ಶಸ್ತ್ರವೈದ್ಯರು ನಾಳೆಯೇ ಒಂದು ಜೀವವನ್ನೂ ಕಳೆದುಕೊಳ್ಳದಷ್ಟು ನಿಪುಣರಾದರೂ ಉಳಿಯುವುದು ಆ 11 ಮಂದಿ. ಉಳಿದ 49 ಮಂದಿಯ ವಿಷಯ ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ನಿರ್ಧಾರವಾಗುತ್ತದೆ.

ಒಳಗೆ ಬಂದವರಿಗೂ ಗಡಿಯಾರ ಓಡುತ್ತಲೇ ಇರುತ್ತದೆ. ಮೊದಲ ಎರಡು ದಿನ ಗಂಟೆಗೆ ಶೇಕಡಾ 1ರಿಂದ 2ರಷ್ಟು ರೋಗಿಗಳು ಸಾಯುತ್ತಾರೆಂದು ವೈದ್ಯರಿಗೆ ದಶಕಗಳ ಕಾಲ ಕಲಿಸಲಾಗುತ್ತಿತ್ತು. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ದಾಖಲೆಯ ಲೆಕ್ಕದಲ್ಲಿ, ಔಷಧ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಗಂಟೆಗೆ ಶೇಕಡಾ 0.5. ಮೊದಲಿಗಿಂತ ಕಡಿಮೆ. ಆದರೂ 48 ಗಂಟೆಗಳಲ್ಲಿ ಅದು ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮುಟ್ಟುತ್ತದೆ.

ಡಿಬೇಕಿಯವರ ಎದೆಯಲ್ಲೇ

2005ರ ಡಿಸೆಂಬರ್ 31ರಂದು ಹ್ಯೂಸ್ಟನ್ನಿನ ಮನೆಯಲ್ಲಿ 97 ವರ್ಷದ ಡಿಬೇಕಿ ಒಂದು ಉಪನ್ಯಾಸ ಸಿದ್ಧಪಡಿಸುತ್ತ ಕುಳಿತಿದ್ದಾಗ ಎದೆಯಲ್ಲಿ ಸೀಳಿದಂಥ ನೋವು ಬಂತು. ಕಾಯಿಲೆ ಯಾವುದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚಿತ್ರಣ ಪರೀಕ್ಷೆಯಲ್ಲಿ ಮೇಲೇರುವ ಭಾಗದ ಸೀಳು ಖಚಿತವಾಯಿತು. ಅವರು ಮಾತ್ರ ಶಸ್ತ್ರಚಿಕಿತ್ಸೆ ಬೇಡವೆಂದರು. ಮನೆಯಲ್ಲೇ ಔಷಧ ಪಡೆದರು. ಜನವರಿ ಕೊನೆಯ ಭಾಗದಲ್ಲಿ ಸ್ಥಿತಿ ಬಿಗಡಾಯಿಸಿ ಆಸ್ಪತ್ರೆ ಸೇರಿದರು. ಫೆಬ್ರವರಿ 9ರಂದು ಪ್ರಜ್ಞೆ ತಪ್ಪಿತು.

ಈ ವಯಸ್ಸಿನ ರೋಗಿಗೆ, ಅದೂ ಒಪ್ಪದವರಿಗೆ, ಶಸ್ತ್ರಚಿಕಿತ್ಸೆ ಮಾಡಬಹುದೇ? ಆಸ್ಪತ್ರೆಯ ಅರಿವಳಿಕೆ ತಜ್ಞರು ಒಪ್ಪಲಿಲ್ಲ. ಆಸ್ಪತ್ರೆಯ ನೀತಿ ಸಮಿತಿ ರಾತ್ರಿ ಸಭೆ ಸೇರಿತು. ಕೂಡಲೇ ಮಾಡಬೇಕೆಂದು ಅವರ ಪತ್ನಿ ಪಟ್ಟು ಹಿಡಿದರು. ಕೊನೆಗೆ ಬೇರೆಡೆಯ ಅರಿವಳಿಕೆ ತಜ್ಞರನ್ನು ಕರೆಸಿ, ಡಿಬೇಕಿಯವರ ದೀರ್ಘಕಾಲದ ಸಹೋದ್ಯೋಗಿ ಜಾರ್ಜ್ ನೂನ್ ಸುಮಾರು ಏಳು ಗಂಟೆ ಶಸ್ತ್ರಚಿಕಿತ್ಸೆ ನಡೆಸಿದರು. ಹರಿದ ಭಾಗದಲ್ಲಿ ಕೂಡಿಸಿದ್ದು ಡೇಕ್ರಾನ್ ನಾಳ. ಚೇತರಿಕೆಗೆ ತಿಂಗಳುಗಳೇ ಹಿಡಿದವು. ವೆಚ್ಚ ಹತ್ತು ಲಕ್ಷ ಡಾಲರ್ ಮೀರಿತು. ಡಿಬೇಕಿ ಎದ್ದು ಓಡಾಡಿದರು, ಕೆಲಸಕ್ಕೂ ಮರಳಿದರು. ವೈದ್ಯರು ಮಾಡಿದ್ದು ಸರಿ ಎಂದು ಬಳಿಕ ಒಪ್ಪಿಕೊಂಡರು. 2008ರ ಜುಲೈ 11ರಂದು, ನೂರು ತುಂಬಲು ಎರಡು ತಿಂಗಳಿರುವಾಗ ತೀರಿಕೊಂಡರು.

ಈ ಘಟನೆಯನ್ನು ಶಸ್ತ್ರಚಿಕಿತ್ಸೆಯ ವಿಜಯಗಾಥೆ ಎಂದಷ್ಟೇ ಓದಬೇಡಿ. ಅಂಕಿಸಂಖ್ಯೆಗಳು ನೂರು ಜನರಲ್ಲಿ ಎಷ್ಟು ಮಂದಿ ಬದುಕುತ್ತಾರೆಂದು ಹೇಳುತ್ತವೆ. ಎದುರಿಗೆ ಮಲಗಿರುವ ಒಬ್ಬರ ಬಗ್ಗೆ ಅವು ತೀರ್ಪು ಕೊಡುವುದಿಲ್ಲ. ಆ ತೀರ್ಪನ್ನು ವೈದ್ಯರು, ರೋಗಿ, ಮನೆಯವರು ಸೇರಿ, ಎಷ್ಟೋ ಸಲ ಕೆಲವೇ ಗಂಟೆಗಳಲ್ಲಿ ಮಾಡಬೇಕಾಗುತ್ತದೆ.

ಮುನ್ನವೇ ತಿಳಿದವರು, ತಿಳಿಯದೆ ಹೋದವರು

1996ರ ಜನವರಿಯಲ್ಲಿ ನ್ಯೂಯಾರ್ಕಿನ ನಾಟಕಕಾರ, ಸಂಗೀತಗಾರ ಜೊನಾಥನ್ ಲಾರ್ಸನ್‌ಗೆ ಎದೆನೋವು ಬಂತು. ನಾಲ್ಕು ದಿನಗಳಲ್ಲಿ ಎರಡು ಆಸ್ಪತ್ರೆಗಳಿಗೆ ಹೋದರು. ಒಂದು ಕಡೆ ಆಹಾರದ ದೋಷವೆಂದರು, ಇನ್ನೊಂದು ಕಡೆ ವೈರಾಣು ಜ್ವರವೆಂದರು. ಜನವರಿ 25ರಂದು, ತಮ್ಮ ‘ರೆಂಟ್’ ನಾಟಕದ ಮೊದಲ ಪೂರ್ವ ಪ್ರದರ್ಶನ ನಡೆಯಬೇಕಿದ್ದ ದಿನ ಬೆಳಗ್ಗೆ, 35ರ ವಯಸ್ಸಿನಲ್ಲಿ ಮಹಾಪಧಮನಿ ಸೀಳಿ ಸತ್ತರು. ಆ ಹೊತ್ತಿಗೆ ಡೇಕ್ರಾನ್ ನಾಳ, ಹೃದಯ–ಶ್ವಾಸಕೋಶ ಯಂತ್ರ, ಸಿ.ಟಿ. ಯಂತ್ರ ಎಲ್ಲವೂ ಇದ್ದವು. ಯಾರಿಗೂ ಸಂಶಯ ಬರಲಿಲ್ಲ ಅಷ್ಟೇ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರ ಜನವರಿ 24ರಂದು ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ಸತ್ತರು. 6 ಅಡಿ 5 ಅಂಗುಲ ಎತ್ತರದ ಆಕೆಗೆ ಮಾರ್ಫನ್ ಎಂಬ ವಂಶವಾಹಿ ದೋಷವಿತ್ತೆಂದು ಶವಪರೀಕ್ಷೆಯಲ್ಲಿ ತಿಳಿಯಿತು. ಉದ್ದನೆಯ ಕೈಕಾಲು, ನೀಳ ಬೆರಳುಗಳ ಜೊತೆಗೆ ಮಹಾಪಧಮನಿಯ ಗೋಡೆಯೂ ದುರ್ಬಲವಾಗಿರುವ ಸ್ಥಿತಿ ಅದು. ಸುದ್ದಿ ತಿಳಿದು ಪರೀಕ್ಷೆ ಮಾಡಿಸಿಕೊಂಡ ಆಕೆಯ ಸಹೋದರನಲ್ಲೂ ಅದೇ ದೋಷ ಕಂಡಿತು. ಅವರಿಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸೀಳುವ ಮೊದಲೇ ಗುರುತಿಸಿ ಮಾಡುವ ಶಸ್ತ್ರಚಿಕಿತ್ಸೆಯ ಅಪಾಯ ತುರ್ತಿನಲ್ಲಿ ಮಾಡುವುದಕ್ಕಿಂತ ಬಹಳ ಕಡಿಮೆ.

ಹಾಗಾದರೆ ನೀವು ತಿಳಿದಿರಬೇಕಾದದ್ದು ಏನು? ಅಂತರರಾಷ್ಟ್ರೀಯ ದಾಖಲೆಯ ಮೊದಲ ವರದಿಯಲ್ಲಿ ನೂರರಲ್ಲಿ ಸುಮಾರು 85 ಮಂದಿಗೆ ನೋವು ದಿಢೀರನೆ ಬಂದಿತ್ತು. ಎದೆಯಲ್ಲೋ ಬೆನ್ನಿನಲ್ಲೋ ಮೊದಲ ಕ್ಷಣದಲ್ಲೇ ತೀವ್ರವಾಗಿ, ಇರಿದಂತೆ ಅಥವಾ ಸೀಳಿದಂತೆ ಬರುವ ನೋವು ಅದು. ಅಂಥ ನೋವು ಬಂದವರಿಗೆ ಗ್ಯಾಸ್ ಎಂದು ಜೀರಿಗೆ ಕಷಾಯ ಕೊಟ್ಟು ಮಲಗಿಸಬೇಡಿ. 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಸೇರಿಸಿ. ಎದೆಯ ಎಕ್ಸ್‌ರೇ ಸರಿಯಾಗಿ ಕಂಡಮಾತ್ರಕ್ಕೆ ಈ ಕಾಯಿಲೆ ಇಲ್ಲವೆನ್ನಲಾಗದು. ಅದೇ ವರದಿಯಲ್ಲಿ ಶೇಕಡಾ 12 ಮಂದಿಯ ಎಕ್ಸ್‌ರೇ ಸಾಮಾನ್ಯವಾಗಿತ್ತು. ಮನೆತನದಲ್ಲಿ ಯಾರಾದರೂ ಮಹಾಪಧಮನಿ ಒಡೆದು ಸತ್ತಿದ್ದರೆ ಆ ಮಾತನ್ನು ವೈದ್ಯರಿಗೆ ಮರೆಯದೆ ತಿಳಿಸಿ.

ಇನ್ನು ಆ 49 ಮಂದಿ. ಅವರಲ್ಲಿ ಬಹಳ ಮಂದಿಗೆ ನಿಮಿಷಗಳಲ್ಲೇ ಸಾವು ಬರುವುದರಿಂದ ಎಂಥ ಆಂಬುಲೆನ್ಸೂ ಸಾಲದು. ಅವರನ್ನು ಉಳಿಸುವ ದಾರಿ ಸೀಳು ಆಗದಂತೆ ನೋಡಿಕೊಳ್ಳುವುದೊಂದೇ. ಆಕ್ಸ್‌ಫರ್ಡ್ ಅಧ್ಯಯನದ ರೋಗಿಗಳಲ್ಲಿ ಸುಮಾರು ಮೂರನೇ ಎರಡು ಭಾಗದವರಿಗೆ ಮೊದಲೇ ರಕ್ತದೊತ್ತಡ ಇದ್ದುದು ಗೊತ್ತಿತ್ತು. ರಕ್ತದೊತ್ತಡ ಅಳೆಯುವ ಪಟ್ಟಿ ನಮ್ಮ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದೆ. ಪರೀಕ್ಷೆಗೆ ಎರಡು ನಿಮಿಷ ಸಾಕು. ನಿಮ್ಮ ಮನೆಯಲ್ಲಿ ಬಿ.ಪಿ. ಮಾತ್ರೆ ಬರೆಸಿಕೊಂಡಿರುವ ಹಿರಿಯರಿದ್ದರೆ, ‘ಈಗ ಚೆನ್ನಾಗಿದ್ದೇನೆ’ ಎಂದು ಅವರು ನಡುವೆ ಮಾತ್ರೆ ನಿಲ್ಲಿಸಿದ್ದಾರೆಯೇ ಎಂದು ಇಂದು ಸಂಜೆ ಒಮ್ಮೆ ಕೇಳಿ ನೋಡಿ.